ಬಾಂಡ್‌ಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ಬ್ರಹ್ಮಾವರದವಳು, ಆರು ವರ್ಷಗಳಿಂದ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿದೆ. ಅಮೆರಿಕದಲ್ಲಿ ಖಾಸಗಿ ಕಂಪನಿಯೊಂದು ನಡೆಸುವ ಜೈಲಿನ ಆರೋಗ್ಯ ಘಟಕದಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷದ ಬಾಂಡ್ ಇದ್ದು, ನಡುವೆ ಬಿಟ್ಟರೆ ದೊಡ್ಡ ಮೊತ್ತ ಕಟ್ಟಿಕೊಡಬೇಕು. ನನ್ನ ಓದಿಗೆಂದು ಅಡವಿಟ್ಟ ಅಮ್ಮನ ಬಳೆಗಳು ಇನ್ನೂ ಸೊಸೈಟಿಯಲ್ಲಿವೆ. ‘ರೋಗಿ ಎಲ್ಲಿದ್ದರೂ ರೋಗಿಯೇ, ಹೋಗು’ ಎನ್ನುತ್ತಾರೆ ಅಪ್ಪ. ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ತಂದೆಯವರ ಮಾತನ್ನು ನಾನು ಗೌರವಿಸುತ್ತೇನೆ. ಜೈಲಿನಲ್ಲಿರುವವನಿಗೆ ಒಳ್ಳೆಯ ನರ್ಸ್ ಇನ್ನೂ ಹೆಚ್ಚು ಬೇಕು, ಏಕೆಂದರೆ ಇಲ್ಲಿ ಗುಣವಾಗದಿದ್ದರೆ ಮಣಿಪಾಲಕ್ಕೆ ಹೋಗೋಣ ಎಂದು ಹೊರಡುವ ಸ್ವಾತಂತ್ರ್ಯ ಅವನಿಗಿಲ್ಲ. ಹಾಗಾಗಿ ಜೈಲೆಂಬ ಹೆಸರಿಗೆ ನೀವು ಅಂಜಬೇಕಾಗಿಲ್ಲ. ಆ ಜೈಲು ನಡೆಯುವ ಲೆಕ್ಕಾಚಾರಕ್ಕೆ ಅಂಜಬೇಕು.

ಇಂಥ ಕಂಪನಿಗಳಿಗೆ ಸಾಮಾನ್ಯವಾಗಿ ಒಬ್ಬ ಕೈದಿಗೆ ದಿನಕ್ಕೆ ಇಷ್ಟು ಎಂದು ಸರ್ಕಾರ ಹಣ ಕೊಡುತ್ತದೆ, ಅದರಲ್ಲಿ ಖರ್ಚು ಕಳೆದು ಉಳಿದದ್ದು ಲಾಭ. ಹಲವು ಒಪ್ಪಂದಗಳಲ್ಲಿ ಇಂತಿಷ್ಟು ಹಾಸಿಗೆಗಳು ಖಾಲಿ ಬಿದ್ದರೂ ಅವುಗಳ ಹಣ ತೆರುವ ಷರತ್ತು ಸರ್ಕಾರದ ಮೇಲಿರುತ್ತದೆ. ಖರ್ಚಿನಲ್ಲಿ ದೊಡ್ಡದು ಸಿಬ್ಬಂದಿಯ ಸಂಬಳವಾದ್ದರಿಂದ ಕತ್ತರಿ ಮೊದಲು ಬೀಳುವುದೂ ಅಲ್ಲಿಗೇ. ಅಮೆರಿಕದ ಐಡಹೊ ರಾಜ್ಯದಲ್ಲಿ ಖಾಸಗಿ ಕಂಪನಿಯೊಂದು ನಡೆಸುತ್ತಿದ್ದ ಜೈಲಿನಲ್ಲಿ ಖಾಲಿಯಿದ್ದ ಕಾವಲು ಪಾಳಿಗಳನ್ನು ಭರ್ತಿಯಾಗಿವೆಯೆಂದು ದಾಖಲೆಯಲ್ಲಿ ತೋರಿಸಲಾಗಿತ್ತು; ಸುಮಾರು 4,800 ಗಂಟೆಗಳ ಸುಳ್ಳು ಲೆಕ್ಕವನ್ನು ಕಂಪನಿಯೇ 2013ರಲ್ಲಿ ಒಪ್ಪಿಕೊಂಡಿತು, ಮರುವರ್ಷ ರಾಜ್ಯವೇ ಆ ಜೈಲನ್ನು ವಹಿಸಿಕೊಂಡಿತು. ಮಿಸಿಸಿಪ್ಪಿಯ ಆಡಮ್ಸ್ ಕೌಂಟಿಯ ಖಾಸಗಿ ಜೈಲಿನಲ್ಲಿ 2012ರಲ್ಲಿ ದಂಗೆಯೆದ್ದು ಕಾವಲುಗಾರನೊಬ್ಬ ಪ್ರಾಣ ಕಳೆದುಕೊಂಡಾಗ, ಕೈದಿಗಳ ದೂರುಗಳಲ್ಲಿ ಕಳಪೆ ಊಟದ ಜತೆಗೆ ಸರಿಯಾದ ಚಿಕಿತ್ಸೆ ಸಿಗುತ್ತಿಲ್ಲವೆಂಬುದೂ ಇತ್ತು.

ನಮ್ಮ ಸರ್ಕಾರಿ ಜೈಲುಗಳೇನು ಚೆನ್ನಾಗಿವೆಯೇ ಎಂದು ನೀವು ಕೇಳಬಹುದು. ಚೆನ್ನಾಗಿಲ್ಲ; ಆದರೆ ಅಲ್ಲಿ ಕೈದಿಗೆ ಚಿಕಿತ್ಸೆ ತಪ್ಪಿದರೆ ಯಾರ ಜೇಬಿಗೂ ಅದು ಲಾಭವಾಗಿ ಸೇರಬೇಕೆಂಬ ಏರ್ಪಾಡಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಖಾಸಗಿ ಜೈಲಿನ ಕಾನೂನನ್ನೇ ರದ್ದು ಮಾಡಿದ್ದು, ಲಾಭಕ್ಕಾಗಿ ದುಡಿಯುವವರ ಕೈಗೆ ಮನುಷ್ಯನ ಸ್ವಾತಂತ್ರ್ಯವನ್ನು ಒಪ್ಪಿಸುವುದು ಅವನ ಘನತೆಗೆ ಕುಂದು ಎಂಬ ಕಾರಣಕ್ಕೆ.

ರಾತ್ರಿ ಪಾಳಿಯನ್ನು ಊಹಿಸಿಕೊಳ್ಳಿ. ಮೂರು ಗಂಟೆಗೆ ಒಬ್ಬ ಎದೆ ಹಿಡಿದುಕೊಂಡು ಬೆವರುತ್ತಿದ್ದಾನೆ. ಹೊರಗಿನ ಆಸ್ಪತ್ರೆಗೆ ಕಳಿಸಬೇಕಾದರೆ ಆಂಬುಲೆನ್ಸ್ ಬೇಕು, ಜತೆಗೆ ಇಬ್ಬರು ಕಾವಲುಗಾರರು ಬೇಕು, ಆ ಪಾಳಿಯಲ್ಲಿ ಇರುವವರೇ ಕಡಿಮೆ. ಬೆಳಗಿನವರೆಗೆ ನೋಡೋಣ ಎಂದು ಮೇಲಿನವರು ಹೇಳಿದರೆ, ಆಗದು ಎನ್ನಬೇಕಾದವರು ನೀವು. ಅಮೆರಿಕದ ಕೇಂದ್ರ ಸರ್ಕಾರದ ಮಾಹಿತಿ ಹಕ್ಕಿನ ಕಾಯ್ದೆ ಈ ಕಂಪನಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲವಾದ್ದರಿಂದ, ಒಳಗಿನ ಸತ್ಯ ಹೊರಬರಲು ಸಿಬ್ಬಂದಿಯ ಬಾಯಿಯೇ ಮುಖ್ಯ ದಾರಿ. ಕೆಲಸ ಬಿಟ್ಟರೆ ತಂದೆತಾಯಿಯ ಮೇಲೆ ಸಾಲ ಬೀಳುವುದೆಂಬ ಭಯದಲ್ಲಿರುವ ನರ್ಸ್ ಆ ಮಾತನ್ನು ಆಡಲಾರಳು. ನಿಮ್ಮ ಮನಸ್ಸು ಒಪ್ಪದಿರುವುದು ಇದಕ್ಕೇ ಎಂದು ನನಗನಿಸುತ್ತದೆ.

ಆದ್ದರಿಂದ ಈ ಬಾಂಡ್‌ಗೆ ಸಹಿ ಹಾಕಬೇಡಿ. ನೀವು ಪಾಸಾದ ಪರೀಕ್ಷೆ ಈ ಕಂಪನಿಯ ಸ್ವತ್ತಲ್ಲ. ಅದೇ ಅರ್ಹತೆಯ ಮೇಲೆ ಬೇರೆ ಆಸ್ಪತ್ರೆಗಳಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಸೊಸೈಟಿಯಲ್ಲಿ ಬಡ್ಡಿ ಕಟ್ಟಿ ಅಡವನ್ನು ಮುಂದುವರಿಸಿಕೊಳ್ಳಿ, ಬಳೆ ಬಿಡಿಸಲು ಇನ್ನೂ ಸ್ವಲ್ಪ ಸಮಯ ಹಿಡಿಯುತ್ತದೆಂದು ಅಮ್ಮನಿಗೆ ನೀವೇ ಎದುರು ಕೂತು ಹೇಳಿ. ತಂದೆಯವರಿಗೆ ಆ ರಾತ್ರಿ ಪಾಳಿಯ ಪರಿಸ್ಥಿತಿಯನ್ನು ವಿವರಿಸಿ.