ಇಸ್ರೇಲಿನ ನೆಂಟರಿಂದ ಶಿಕ್ಷಣ ದೇಣಿಗೆ: ಮೊದಲು ಪಾಸ್‌ಪೋರ್ಟ್ ನೋಡಿ

ಪ್ರಶ್ನೆ: ಥಾಣೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಕನ್ನಡಿಗ ನಾನು. ಇಲ್ಲಿನ ಬೆನೆ ಇಸ್ರೇಲ್ ಯಹೂದಿಗಳ ಸಣ್ಣ ಟ್ರಸ್ಟ್ ಒಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ರಸ್ಟ್ ಶುರುವಾಗಿ ಎರಡು ವರ್ಷವಾಗಿದೆ. ಮಕ್ಕಳ ಶಾಲಾ ಫೀಸು, ಸಂಜೆಯ ಪಾಠ ಮತ್ತು ಹೀಬ್ರೂ ತರಗತಿಗಾಗಿ ಇಸ್ರೇಲಿನಲ್ಲಿರುವ ನೆಂಟರೂ ಅಮೆರಿಕದ ಒಂದು ಪ್ರತಿಷ್ಠಾನವೂ ಸೇರಿ 12 ಲಕ್ಷ ರೂಪಾಯಿ ಕೊಡಲು ಒಪ್ಪಿದ್ದಾರೆ. ಸದ್ಯಕ್ಕೆ ಟ್ರಸ್ಟಿನ ಉಳಿತಾಯ ಖಾತೆಗೇ ಹಾಕಿಸಿಕೊಳ್ಳಬಹುದೇ?

ಉತ್ತರ: ಬೇಡ, ಒಂದು ರೂಪಾಯಿಯನ್ನೂ ಹಾಕಿಸಿಕೊಳ್ಳಬೇಡಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಇಂಥ ಹಣ ಪಡೆಯುವುದೇ ಅಪರಾಧ. ಆಮೇಲೆ ವಾಪಸು ಕಳಿಸಿದರೂ, ಪಡೆದದ್ದು ಪಡೆದಂತೆಯೇ ಲೆಕ್ಕ.

ಯಹೂದಿ ಸಂಸ್ಥೆಗಳು ಹೆಚ್ಚಾಗಿ ಎಡವುವುದು ನೆಂಟರ ವಿಷಯದಲ್ಲಿ. ದೇಣಿಗೆ ಡಾಲರಿನಲ್ಲಿದೆಯೋ ರೂಪಾಯಿಯಲ್ಲಿದೆಯೋ ಎಂಬುದನ್ನು ಕಾನೂನು ನೋಡುವುದಿಲ್ಲ. ಕೊಡುವವರು ಯಾವ ದೇಶದ ಪ್ರಜೆ ಎಂಬುದನ್ನು ನೋಡುತ್ತದೆ. ಇಸ್ರೇಲಿನ ಅಷ್ಡೋಡ್‌ನಲ್ಲೋ ದಿಮೋನಾದಲ್ಲೋ ಇರುವ ಚಿಕ್ಕಪ್ಪ ಇಸ್ರೇಲಿ ಪೌರತ್ವ ಪಡೆದಿದ್ದರೆ, ಅವರು ಮುಂಬೈಗೆ ಬಂದು ಇಲ್ಲಿನ ಬ್ಯಾಂಕಿನ ಚೆಕ್ ಬರೆದುಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ವ್ಯತ್ಯಾಸವಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ದುಬೈಯಲ್ಲಿ ದುಡಿಯುವ ಮಗಳು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಹಾಗಾಗಿ ಪ್ರತಿ ದಾನಿಯ ಪಾಸ್‌ಪೋರ್ಟ್ ಪ್ರತಿಯನ್ನು ಫೈಲಿನಲ್ಲಿಟ್ಟ ಮೇಲೆಯೇ ರಸೀದಿ ಹರಿಯಿರಿ.

ಪೂರ್ಣ ನೋಂದಣಿಗೆ ಟ್ರಸ್ಟ್ ಕನಿಷ್ಠ ಮೂರು ವರ್ಷ ಹಳೆಯದಾಗಿರಬೇಕು, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಉದ್ದೇಶಕ್ಕೆ 15 ಲಕ್ಷ ರೂಪಾಯಿಯಾದರೂ ಖರ್ಚು ಮಾಡಿರಬೇಕು. ನಿಮಗೆ ಅದು ಈಗ ಸಾಧ್ಯವಿಲ್ಲ, ಉಳಿದ ದಾರಿ ಪೂರ್ವಾನುಮತಿ. ಅದು ಗೊತ್ತಾದ ದಾನಿ, ಗೊತ್ತಾದ ಮೊತ್ತ, ಗೊತ್ತಾದ ಉದ್ದೇಶಕ್ಕೆ ಮಾತ್ರ ಸಿಗುತ್ತದೆ. ಹತ್ತು ಜನ ನೆಂಟರು ಬಿಡಿಬಿಡಿಯಾಗಿ ಕೊಟ್ಟರೆ ಹತ್ತು ದಾನಿಗಳಾಗುತ್ತಾರೆ. ಅದರ ಬದಲು ಅವರ ದುಡ್ಡು ಇಸ್ರೇಲಿನ ಒಂದು ನೋಂದಾಯಿತ ಸಂಘದ (ಅಲ್ಲಿ ಅದನ್ನು ಅಮುತಾ ಎನ್ನುತ್ತಾರೆ) ಮೂಲಕ ಒಟ್ಟಾಗಿ ಬರುವುದು ಒಳ್ಳೆಯದು. ಆಗಲೂ ಒಂದು ಕಟ್ಟಳೆ ಇದೆ. ನಿಮ್ಮ ಟ್ರಸ್ಟಿನ ಮುಖ್ಯಸ್ಥರು ದಾನಿ ಸಂಸ್ಥೆಯಲ್ಲಿ ಇರಕೂಡದು, ಪದಾಧಿಕಾರಿಗಳಲ್ಲಿ ಕನಿಷ್ಠ ಶೇ. 75ರಷ್ಟು ಮಂದಿ ಅದರ ಸದಸ್ಯರೋ ನೌಕರರೋ ಅಲ್ಲದವರಾಗಿರಬೇಕು. ದಾನಿ ಒಬ್ಬ ವ್ಯಕ್ತಿಯಾದರೆ, ಅವರ ಕುಟುಂಬದವರಿಗೂ ಹತ್ತಿರದ ಬಂಧುಗಳಿಗೂ ಇದೇ ಲೆಕ್ಕ. ಭಾರತದಲ್ಲಿ ಐದು ಸಾವಿರವೂ ಇಲ್ಲದ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ಬಂಧುಗಳೇ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಟ್ರಸ್ಟಿಗಳ ಪಟ್ಟಿಯನ್ನು ದಾನಿಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ದರ್ಪಣ್ (ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ಸರ್ಕಾರಿ ಜಾಲತಾಣ) ಪೋರ್ಟಲಿನ ಗುರುತುಸಂಖ್ಯೆ ಪಡೆಯಿರಿ. ಬಳಿಕ ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಎಫ್‌ಸಿಆರ್‌ಎ ಖಾತೆ ತೆರೆಯಿರಿ. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಬಂದು ಬೀಳಬೇಕಾದದ್ದು ಅಲ್ಲಿಗೇ. ಕಾಗದಪತ್ರಗಳನ್ನು ನಿಮ್ಮ ಊರಿನ ಎಸ್‌ಬಿಐ ಶಾಖೆಯಿಂದಲೇ ಕಳಿಸಬಹುದು, ದೆಹಲಿಗೆ ಹೋಗಬೇಕಿಲ್ಲ. ಆಮೇಲೆ ಒಬ್ಬೊಬ್ಬ ದಾನಿಗೂ ಒಂದೊಂದರಂತೆ ಪೂರ್ವಾನುಮತಿಯ ಎಫ್‌ಸಿ-3ಬಿ ಅರ್ಜಿ, ಜತೆಗೆ ಮೊತ್ತವನ್ನೂ ಉದ್ದೇಶವನ್ನೂ ಹೇಳುವ ದಾನಿಯ ಪತ್ರ, ಯೋಜನಾ ವರದಿ ಮತ್ತು ಪದಾಧಿಕಾರಿಗಳ ಆಧಾರ್. ದಾನಿಯ ಪತ್ರದಲ್ಲಿ ಒಂದು ಮೊತ್ತ, ಯೋಜನಾ ವರದಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬಜೆಟ್ಟಿನಲ್ಲಿ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ, ಟ್ರಸ್ಟಿಗಳ ಪ್ರಯಾಣ ಎಲ್ಲ ಅದರಲ್ಲೇ ಬರುತ್ತವೆ. ಪಾಠ ಮಾಡುವ ಶಿಕ್ಷಕರ ಸಂಬಳ ಅದರಲ್ಲಿ ಸೇರುವುದಿಲ್ಲ. 12 ಲಕ್ಷವನ್ನು ಹೀಗೆ ಹಂಚಬಹುದು: 30 ಮಕ್ಕಳಿಗೆ ತಲಾ 15,000ದಂತೆ ಫೀಸು 4.5 ಲಕ್ಷ, ತಿಂಗಳಿಗೆ 20,000ದಂತೆ ಇಬ್ಬರು ಶಿಕ್ಷಕರಿಗೆ 4.8 ಲಕ್ಷ, ಪುಸ್ತಕಗಳಿಗೆ 60,000, ಆಡಳಿತಕ್ಕೆ 2.1 ಲಕ್ಷ. ಆಡಳಿತದ ಪಾಲು ಶೇ. 17.5 ಆಯಿತು. ಫೀಸನ್ನು ಶಾಲೆಗೆ ನೇರವಾಗಿ ಕಟ್ಟಿ, ರಸೀದಿ ಮಗುವಿನ ಹೆಸರಲ್ಲಿರಲಿ. ಇನ್ನೊಂದು ಟ್ರಸ್ಟಿನ ಶಾಲೆಗೆ ಇಡಿಗಂಟು ಕೊಟ್ಟು ‘ನೀವೇ ಹಂಚಿ’ ಎಂದರೆ ಅದು ವಿದೇಶಿ ದೇಣಿಗೆಯ ಹಸ್ತಾಂತರ, 2020ರಿಂದ ಸಂಪೂರ್ಣ ನಿಷಿದ್ಧ.

ಹೀಬ್ರೂ ತರಗತಿಯ ವಿಷಯದಲ್ಲಿ ಎಚ್ಚರ. ಅರ್ಜಿಯಲ್ಲಿ ಶೈಕ್ಷಣಿಕ, ಧಾರ್ಮಿಕ, ಸಾಂಸ್ಕೃತಿಕ ಉದ್ದೇಶಗಳು ಬೇರೆಬೇರೆ. ಭಾಷೆ ಕಲಿಸಿದರೆ ಶಿಕ್ಷಣ. ಬಾರ್ ಮಿಟ್ಜ್ವಾಕ್ಕೆ (ಹುಡುಗರು ಪ್ರಾಯಕ್ಕೆ ಬಂದಾಗಿನ ಯಹೂದಿ ಧಾರ್ಮಿಕ ವಿಧಿ) ಟೋರಾ ಎಂಬ ಧರ್ಮಗ್ರಂಥದ ಪಠಣ ಕಲಿಸಿದರೆ ಅದನ್ನು ಧಾರ್ಮಿಕವೆಂದೇ ತೋರಿಸುವುದು ಕ್ಷೇಮ. ಶಿಕ್ಷಣಕ್ಕೆ ಬಂದ ಹಣದಲ್ಲಿ ಸಿನಗಾಗಿನ (ಯಹೂದಿ ಪ್ರಾರ್ಥನಾಮಂದಿರದ) ಸೋರುವ ಮಾಳಿಗೆಯನ್ನು ಮುಟ್ಟಲೇಬೇಡಿ.

ಅಮೆರಿಕದ ಖಾಸಗಿ ಪ್ರತಿಷ್ಠಾನವಾದರೆ, ಹೊರದೇಶದ ಸಂಸ್ಥೆಗೆ ಕೊಟ್ಟ ಹಣಕ್ಕೆ ಅಲ್ಲಿನ ತೆರಿಗೆ ಇಲಾಖೆಗೆ ಉತ್ತರ ಹೇಳುವ ಹೊಣೆ ಅದರ ಮೇಲಿರುತ್ತದೆ. ಹಾಗಾಗಿ ಲಿಖಿತ ಒಪ್ಪಂದ, ಪ್ರತ್ಯೇಕ ಲೆಕ್ಕ ಮತ್ತು ವಾರ್ಷಿಕ ಖರ್ಚಿನ ವರದಿ ಕೇಳುತ್ತದೆ. ಅದು ನಿಮ್ಮ ಮೇಲಿನ ಸಂಶಯವಲ್ಲ. ಅದೇ ಲೆಕ್ಕ ಇಲ್ಲಿ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಸಲ್ಲಿಸಬೇಕಾದ ಎಫ್‌ಸಿ-4 ಎಂಬ ವಿದೇಶಿ ದೇಣಿಗೆಯ ವಾರ್ಷಿಕ ವರದಿಗೂ ಒದಗುತ್ತದೆ.

ಟ್ರಸ್ಟ್ ಡೀಡನ್ನು ಆಡಿಟರಿಗೆ ಮತ್ತೊಮ್ಮೆ ತೋರಿಸಿ. 1962ರ ನಂತರ ಹುಟ್ಟಿದ ಧರ್ಮಾರ್ಥ ಟ್ರಸ್ಟ್ ಒಂದೇ ಧಾರ್ಮಿಕ ಸಮುದಾಯದ ಹಿತಕ್ಕೆಂದು ಬರೆದುಕೊಂಡಿದ್ದರೆ ಆದಾಯ ತೆರಿಗೆ ವಿನಾಯಿತಿಗೆ ತೊಡಕಾಗಬಹುದು. ಮುಂಬೈಯ ಸರ್ ಜೇಕಬ್ ಸಸೂನ್ ಶಾಲೆಯನ್ನು ಕಟ್ಟಿಸಿದ್ದು ಯಹೂದಿ ದತ್ತಿ, ಇಂದು ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ನೆರೆಯ ಮಕ್ಕಳಿಗೂ ಬಾಗಿಲು ತೆರೆದಿರುವ ಡೀಡ್ ಕಾನೂನಿಗೂ ಸರಿ, ಮನಸ್ಸಿಗೂ ಸರಿ.

ಪ್ರಶ್ನೆ: ಮಹಾರಾಷ್ಟ್ರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿದೆ. ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ನಮ್ಮ ಮಕ್ಕಳಿಗೂ ಸಿಗುತ್ತದೆಯೇ?

ಉತ್ತರ: ಇಲ್ಲ. ಕೇಂದ್ರದ ಪಟ್ಟಿಯಲ್ಲಿರುವುದು ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು 2014ರಲ್ಲಿ ಸೇರಿದ ಜೈನರು ಮಾತ್ರ. ಮಹಾರಾಷ್ಟ್ರದ ಘೋಷಣೆ ಆ ರಾಜ್ಯದ ಯೋಜನೆಗಳಿಗಷ್ಟೇ ಅನ್ವಯಿಸುತ್ತದೆ. 2018ರಲ್ಲಿ ಗುಜರಾತ್ ಕೊಟ್ಟ ಸ್ಥಾನವೂ ಹಾಗೆಯೇ. ಮನೆಯವರು ಬೆಂಗಳೂರಿಗೆ ಬಂದು ನೆಲೆಸಿದರೆ ಆ ಸ್ಥಾನ ಜತೆಗೆ ಬರುವುದಿಲ್ಲ. ಮಹಾರಾಷ್ಟ್ರದಲ್ಲೇ ಓದುತ್ತಿದ್ದರೆ ವಾಸ ಮತ್ತು ಆದಾಯದ ಪ್ರಮಾಣಪತ್ರ ಸಿದ್ಧವಿಟ್ಟುಕೊಂಡು ಮಹಾಡಿಬಿಟಿ ಪೋರ್ಟಲಿನಲ್ಲಿ ರಾಜ್ಯದ ಯೋಜನೆಗಳನ್ನು ನೋಡಿ.