ಚಳಿಗಾಲಕ್ಕೆ ಕಟ್ಟಿಟ್ಟ ಫೈಬರ್ ದೋಣಿ: ತೇವ ತೆಗೆಯುವುದು ಗಾಳಿ, ಕೆಂಡವಲ್ಲ

ತುಮರಿಯ ಸ್ನೇಹಿತರೇ, ಅಡಿಕೆ ಕೊಯ್ಲು ಶುರುವಾದ್ದರಿಂದ ಶಿವರಾತ್ರಿಯ ತನಕ ದೋಣಿಯನ್ನು ಶರಾವತಿ ಹಿನ್ನೀರಿಗೆ ಇಳಿಸುವುದಿಲ್ಲವೆಂದೂ, ಕೊಟ್ಟಿಗೆಯ ಪಕ್ಕದಲ್ಲಿಟ್ಟು ನೆಲದವರೆಗೆ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲಿನ್) ಬಿಗಿದಿದ್ದೀರೆಂದೂ, ತೇವ ಮತ್ತು ಚಳಿ ಕಡಿಮೆಯಾಗಲೆಂದು ಸಂಜೆ ಕ್ಯಾಬಿನ್ನಿನಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತೀರೆಂದೂ ಬರೆದಿದ್ದೀರಿ. ಕಾಯುವ ಹುಡುಗ ಅಲ್ಲೇ ಮಲಗುತ್ತಾನೆಂಬ ಮಾತೂ ಅದರಲ್ಲಿದೆ. ಮುಂದಿನದನ್ನು ಓದುವ ಮೊದಲು ದಯವಿಟ್ಟು ಆ ಅಗ್ಗಿಷ್ಟಿಕೆಯನ್ನು ಹೊರಗೆ ತೆಗೆಸಿ, ಹುಡುಗನಿಗೆ ಜಗಲಿಯಲ್ಲಿ ಹಾಸಿಗೆ ಕೊಡಿ. ಹೊಗೆ ಕಾಣದಿದ್ದರೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಬಾಗಿಲು ಅರ್ಧ ತೆರೆದಿದ್ದರೆ ಸಾಕೆಂದು ನಂಬಬೇಡಿ. ಸಾಲದ್ದಕ್ಕೆ ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿಯೇ ಕೂರುತ್ತದೆ, ಮತ್ತು ನಿಮ್ಮ ಟ್ಯಾಂಕು ಇನ್ನೂ ಒಳಗೇ ಇದೆ.

ಗ್ಯಾಸ್ ಹೀಟರ್ ಇಟ್ಟರಾಗದೇ ಎಂದು ನಿಮ್ಮ ಬರಹದ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಆಗದು. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ತೇವ ತೆಗೆಯಲು ಹೋಗಿ ತೇವವನ್ನೇ ತುಂಬಿದಂತಾಗುತ್ತದೆ. ಟಾರ್ಪಾಲಿನ್ ಅಡಿಯಲ್ಲಿ ಬಲ್ಬು ನೇತುಹಾಕುವುದೂ ಬೇಡ.

ನಮ್ಮ ಮಲೆನಾಡಿನ ಚಳಿಗಾಲದ ಕಷ್ಟವೆಂದರೆ ಹಗಲು ರಾತ್ರಿಗಳ ನಡುವಿನ ಅಂತರ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ರಾತ್ರಿ 15ಕ್ಕೆ ಇಳಿದಾಗ 13 ಗ್ರಾಂ ಮಾತ್ರ. ಮಳೆಗಾಲದಲ್ಲಿ ನೀರು ಕುಡಿದ ಫೋಮು, ಹಲಗೆ, ಹಗ್ಗಗಳು ಹಗಲಿನ ಬಿಸಿಗೆ ಆವಿ ಬಿಡುತ್ತವೆ, ಬಿಗಿದ ಹೊದಿಕೆಯೊಳಗೆ ಅದಕ್ಕೆ ದಾರಿ ಸಿಗದೆ ರಾತ್ರಿ ಹನಿಯಾಗಿ ಅಲ್ಲಿಗೇ ಬೀಳುತ್ತದೆ. ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಸಿಲ್ಪಾಲಿನ್ನಿನ ಒಳಮೈಗೆ ಅಂಗೈ ಸವರಿ ನೋಡಿ, ಮುಂಗೈವರೆಗೆ ನೀರಿಳಿಯುತ್ತದೆ. ನಮ್ಮ ದೋಣಿಯನ್ನೂ ಒಂದು ವರ್ಷ ಹೀಗೆಯೇ ಬಿಗಿದಿದ್ದೆವು. ಹೊರಗಿನಿಂದ ಏನೂ ಕಾಣಲಿಲ್ಲ. ಆದರೆ ಟ್ರಾನ್ಸಮ್‌ಗೆ, ಅಂದರೆ ಎಂಜಿನ್ ಕೂರಿಸುವ ಹಿಂಬದಿಯ ಗೋಡೆಗೆ, ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟಣ್ ಎನ್ನಬೇಕಾದ ಕಡೆ ಬೊದ್ ಎಂದಿತು. ಬೋಲ್ಟ್ ಬಿಚ್ಚಿದಾಗ ರಂಧ್ರದಿಂದ ಕಂದು ಬಣ್ಣದ ನೀರಿನ ಜೊತೆ ಪುಡಿಯಾದ ಪ್ಲೈವುಡ್ ಬಂತು.

ಅಂದಿನಿಂದ ಅನುಸರಿಸುತ್ತಿರುವ ಕ್ರಮ ಇದು. ಮೊದಲು ಡ್ರೈನ್ ಪ್ಲಗ್ (ತಳದ ನೀರು ಹೊರಬಿಡುವ ರಂಧ್ರದ ಬಿರಡೆ) ತೆಗೆದು, ಅದು ಕಳೆದುಹೋಗದಂತೆ ಸ್ಟೀರಿಂಗಿಗೆ ಕಟ್ಟಿ, ದೋಣಿಯ ಮುಂಭಾಗವನ್ನು ಒಂದು ಗೇಣು ಎತ್ತರಿಸಬೇಕು. ಭಾರ ಒಂದೇ ಕಡೆ ಬೀಳದಂತೆ ಅಡಿಪಟ್ಟಿಯ (ಕೀಲ್) ಉದ್ದಕ್ಕೂ ಹಳೆಯ ಟೈರು ಕೊಡಬೇಕು. ಮೇಲೆ ಅಡಿಕೆ ದಬ್ಬೆಗಳಿಂದ ಮಾಡಿನಂತಹ ಚೌಕಟ್ಟು ಕಟ್ಟಿ, ಹೊದಿಕೆ ಎಲ್ಲಿಯೂ ಫೈಬರಿಗೆ ತಾಗದಂತೆ ಎಳೆದು, ಹಿಂದು ಮುಂದೆರಡನ್ನೂ ಪೂರ್ತಿ ತೆರೆದಿಡಬೇಕು, ಪಕ್ಕಗಳಲ್ಲಿ ನೆಲದಿಂದ ಮೊಣಕಾಲೆತ್ತರ ಬಿಡಬೇಕು. ದಬ್ಬೆಯ ತುದಿಗಳಿಗೆ ಗೋಣಿ ಸುತ್ತದಿದ್ದರೆ ಒಂದೇ ಗಾಳಿಗೆ ಸಿಲ್ಪಾಲಿನ್ ಹರಿಯುತ್ತದೆ. ಹೊದಿಕೆಯ ವಿಷಯದಲ್ಲಿ ಕಾಸು ಉಳಿಸಲು ಹೋಗಬೇಡಿ. ಸಂತೆಯ ತೆಳು ನೀಲಿ ಹಾಳೆ ಬಿಸಿಲಿಗೆ ಬೇಗ ಪುಡಿಯಾಗಿ ಅದರ ಚೂರುಗಳೇ ಡ್ರೈನ್ ರಂಧ್ರ ಕಟ್ಟಿಸುತ್ತವೆ.

ಕ್ಯಾಬಿನ್ ಬಾಗಿಲು, ಲಾಕರ್ ಮುಚ್ಚಳ, ತಳದ ಹಲಗೆಗಳನ್ನು ಇಬ್ಬನಿ ಆರಿದ ಮೇಲೆ, ಅಂದರೆ ಹನ್ನೊಂದರ ಹೊತ್ತಿಗೆ ತೆರೆದು ನಾಲ್ಕಕ್ಕೆ ಮುಚ್ಚಬೇಕು. ಬೆಳಿಗ್ಗೆ ಏಳಕ್ಕೇ ತೆರೆದರೆ ಮಂಜಿನ ತೇವವನ್ನು ನೀವೇ ಒಳಗೆ ಕರೆದಂತಾಗುತ್ತದೆ. ಮುಚ್ಚಿದಾಗಲೂ ಎದುರುಬದುರಾಗಿ ಎರಡು ಗಾಳಿಕಿಂಡಿ ಇರಲಿ, ಅವಕ್ಕೆ ತಂತಿ ಬಲೆ ಇರಲಿ, ಇಲ್ಲದಿದ್ದರೆ ಇಲಿ ವೈರ್ ಕಡಿಯುತ್ತದೆ. ಕುಶನ್ ಮತ್ತು ಲೈಫ್ ಜಾಕೆಟ್‌ಗಳನ್ನು ಒಳಗೆ ಬಿಡಲೇಬೇಡಿ. ಮನೆಯ ಅಟ್ಟದಲ್ಲಿ ನೆರಳಿಗೆ ತೂಗುಹಾಕಿ. ಒಲೆಯ ಮೇಲಿನ ಹೊಗೆಯಟ್ಟ ಅಡಿಕೆಗೆ ಸರಿ, ಜಾಕೆಟ್ಟಿಗಲ್ಲ.

ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಮುಚ್ಚಿದ ಲಾಕರಿನಲ್ಲಿ ಮಾತ್ರ ಪ್ರಯೋಜನಕಾರಿ. ತೆರೆದ ಜಾಗದಲ್ಲಿಟ್ಟರೆ ಶರಾವತಿ ಕಣಿವೆಯ ಗಾಳಿಯನ್ನೆಲ್ಲ ಒಣಗಿಸಹೊರಟಂತೆ. ಅದರಲ್ಲಿ ಸೇರುವ ನೀರು ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಚೆಲ್ಲದಂತೆ ಹೊರಗೆ ಸುರಿಯಿರಿ. ಉಪ್ಪಿನ ಚೀಲ ಇಡುವವರಿದ್ದಾರೆ, ಅದು ಸುಮ್ಮನೆ ತುಕ್ಕಿಗೆ ಆಹ್ವಾನ. ಕರೆಂಟಿನ ಡಿಹ್ಯುಮಿಡಿಫೈಯರ್ ತರುವುದಾದರೆ, ಕಂಪ್ರೆಸರ್ ಇರುವಂಥದ್ದು ಚಳಿ ಹೆಚ್ಚಿದಷ್ಟೂ ಕಡಿಮೆ ನೀರು ತೆಗೆಯುತ್ತದೆ ಎಂಬುದು ನೆನಪಿರಲಿ. ಮನೆಯಲ್ಲಿ ಯಾರೂ ಇಲ್ಲದಾಗ ಚಾಲೂ ಇಡಬೇಡಿ. ಒಂದು ಆರ್ದ್ರತೆಯ ಮೀಟರ್ ತಂದು ಕ್ಯಾಬಿನ್ನಿನಲ್ಲಿಡಿ, ಮಧ್ಯಾಹ್ನ ಶೇಕಡ 60ರ ಒಳಗಿದ್ದರೆ ಸರಿ. ರಾತ್ರಿ ಏರಿದರೆ ಗಾಬರಿ ಬೇಡ, ಮಧ್ಯಾಹ್ನವೂ 70 ದಾಟಿದರೆ ಬೂಸ್ಟು ಹಿಡಿಯುತ್ತದೆ.

ಯೂಟ್ಯೂಬಿನಲ್ಲಿ ತೋರಿಸುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ನಮಗೆ ಬೇಕಿಲ್ಲ. ಹೆಪ್ಪುಗಟ್ಟಿದ ನೀರು ಶೇಕಡ 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕ್ ಸೀಳುವ ಊರುಗಳಿಗೆ ಅದು. ಇಲ್ಲಿ ಔಟ್‌ಬೋರ್ಡನ್ನು, ಅಂದರೆ ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್ನನ್ನು, ನೇರವಾಗಿ ನಿಲ್ಲಿಸಿದರೆ ಕೂಲಿಂಗ್ ನೀರು ತಾನಾಗಿಯೇ ಇಳಿಯುತ್ತದೆ. ತಂಪು ನೀರು ಚಿಮ್ಮುವ ಸಣ್ಣ ರಂಧ್ರಕ್ಕೆ ಬಟ್ಟೆಯ ತುಂಡು ತುರುಕಿ, ಇಲ್ಲದಿದ್ದರೆ ಕಣಜ ಮಣ್ಣು ಮೆತ್ತುತ್ತದೆ. ಮತ್ತೆ ತೆಗೆಯಲು ನೆನಪಾಗುವಂತೆ ಅದಕ್ಕೆ ಕಟ್ಟಿದ ಕೆಂಪು ದಾರ ಹೊರಗೆ ಬಿಡಿ.

ಟ್ಯಾಂಕನ್ನು ಬೇರೆ ಮಾಡಿ, ಪೆಟ್ರೋಲನ್ನು ಬೈಕಿಗೆ ಸುರಿದು ಮುಗಿಸಿ. ಆಯಿಲ್ ಬೆರೆಸಿದ್ದಾದರೆ ಬೈಕಿಗೆ ಬೇಡ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಂಡು, ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೈಪ್ ಬಿಚ್ಚಿ, ಕೂಲಿಂಗಿಗೆ ನೀರು ಕೊಟ್ಟು, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿದರೆ ಕಾರ್ಬ್ಯುರೇಟರ್ ಒಣಗುತ್ತದೆ. ತುಕ್ಕು ತಡೆಯುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದುಬಿಟ್ಟರೆ ಎಲ್ಲ ಆಯಿತೆಂದುಕೊಳ್ಳುವುದು ತಪ್ಪು. ತಿಂಗಳುಗಟ್ಟಲೆ ಉಳಿಯಬೇಕಾದ ಕಡೆ ಮೆರೈನ್ ಗ್ರೀಸ್ ಬೇಕು. ಬ್ಯಾಟರಿ ಮನೆಯೊಳಗಿರಲಿ, 12.4 ವೋಲ್ಟಿಗೆ ಇಳಿದರೆ ಗಾಳಿಯಾಡುವ ಕಡೆ ಚಾರ್ಜ್ ಮಾಡಿ.

ಗೇರ್ ಆಯಿಲನ್ನು ಈಗಲೇ ಬದಲಿಸಿ, ಶಿವರಾತ್ರಿಗೆಂದು ಮುಂದೂಡಬೇಡಿ. ಕೆಳಗಿನ ಸ್ಕ್ರೂ ಸಡಿಲಿಸಿದಾಗ ಹಾಲು ಬೆರೆತಂತೆ ಬಿಳಿಚಾದ ಆಯಿಲ್ ಬಂದರೆ ಒಳಗೆ ನೀರು ಸೇರಿದೆ, ಅಂದರೆ ಸೀಲ್ ಹೋಗಿದೆ. ಸೀಲ್ ಹಾಕಿಸದೆ ಹೊಸ ಆಯಿಲ್ ತುಂಬಿದರೆ ಅದೂ ವ್ಯರ್ಥ.