ಕಡಲತೀರದ ಮನೆಯಲ್ಲಿ ಎಲ್ಲರಿಗೂ ರಜೆ

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರ ಕುಟುಂಬದವರು, ಅತ್ತೆ-ಮಾವ ಮತ್ತು ನಾಲ್ಕು ಮಕ್ಕಳು ಸೇರಿ ಹನ್ನೆರಡು ಮಂದಿ, ಒಂದು ವಾರಕ್ಕೆ ಕಡಲತೀರದ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಇಂಥ ಪ್ರವಾಸಗಳಲ್ಲಿ ಉಳಿದವರು ಹೊರಗೆ ಹರಟುತ್ತ ಕುಳಿತಿರುವಾಗ ಅಡುಗೆಮನೆ ಮಾತ್ರ ನನಗೂ ನನ್ನ ಓರಗಿತ್ತಿಯರಿಗೂ ತಪ್ಪುವುದಿಲ್ಲ. ಯಾರ ಮನಸ್ಸನ್ನೂ ನೋಯಿಸದೆ ಇದನ್ನು ಬದಲಿಸುವುದು ಹೇಗೆ?

ಉತ್ತರ: ನಿಮ್ಮ ಅಳಲು ನ್ಯಾಯವಾದದ್ದು, ಮತ್ತು ಅದನ್ನು ಪ್ರವಾಸಕ್ಕೆ ಮೊದಲೇ ಹೇಳಿಕೊಂಡಿರುವುದು ಒಳ್ಳೆಯದಾಯಿತು. ಹೋಟೆಲಿನಲ್ಲಿ ತಂಗಿದರೆ ಹಾಸಿಗೆ ಸರಿಪಡಿಸುವುದರಿಂದ ಹಿಡಿದು ತಟ್ಟೆ ತೊಳೆಯುವವರೆಗಿನ ಕೆಲಸಗಳನ್ನು ಸಂಬಳಕ್ಕೆ ದುಡಿಯುವವರು ಮಾಡುತ್ತಾರೆ; ಬಾಡಿಗೆಯ ಮನೆಯಲ್ಲಿ ಆ ಕೆಲಸಗಳೆಲ್ಲ ಹಾಗೆಯೇ ಇರುತ್ತವೆ, ಮಾಡಬೇಕಾದವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಹೀಗೆ ಹೇಳದೆ ಬಿಟ್ಟ ಕೆಲಸ, ಮನೆಯಲ್ಲಿ ಅದನ್ನು ದಿನವೂ ಮಾಡುತ್ತಿದ್ದವರ ಕೈಗೇ ಬಂದು ಸೇರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ, ಅಭ್ಯಾಸವೊಂದೇ ಸಾಕು.

ನಿಮ್ಮ ಗುಂಪಿಗೆ ಲೆಕ್ಕ ಸುಲಭವಾಗಿದೆ. ಹಿರಿಯರಿಬ್ಬರನ್ನು ಬಿಟ್ಟರೆ ಆರು ಮಂದಿ ದೊಡ್ಡವರಿದ್ದೀರಿ. ಇಬ್ಬಿಬ್ಬರಂತೆ ಮೂರು ಜೋಡಿಗಳಾಗುತ್ತವೆ, ಒಂದೊಂದು ಜೋಡಿಗೆ ಎರಡು ದಿನ ಬರುತ್ತದೆ, ಉಳಿದ ಏಳನೆಯ ದಿನ ಹೊರಗಿನಿಂದ ಊಟ ತರಿಸಬಹುದು. ಸಾಧ್ಯವಾದರೆ ಗಂಡ ಹೆಂಡತಿಯನ್ನೇ ಒಂದು ಜೋಡಿಯಾಗಿಸಬೇಡಿ, ಏಕೆಂದರೆ ಆಗ ಹಳೆಯ ಹಂಚಿಕೆಯೇ ಸದ್ದಿಲ್ಲದೆ ಮರಳಿ ಬರುತ್ತದೆ. ಇಬ್ಬರು ಅಣ್ಣತಮ್ಮಂದಿರು ಒಂದು ದಿನ ಅಡುಗೆಗೆ ನಿಲ್ಲಲಿ. ಆ ದಿನದ ಜೋಡಿಯವರೇ ಏನು ಮಾಡುವುದೆಂದು ಯೋಚಿಸಿ, ಸಾಮಾನು ತಂದು, ಬೇಯಿಸಿ, ಪಾತ್ರೆ ತೊಳೆದು ಮುಗಿಸಬೇಕು. ‘ನೀವು ಹೇಳಿ, ನಾವು ಮಾಡುತ್ತೇವೆ’ ಎಂಬ ಸಹಾಯದಲ್ಲಿ ಯೋಚನೆಯ ಭಾರವೆಲ್ಲ ನಿಮ್ಮ ಮೇಲೆಯೇ ಉಳಿಯುತ್ತದೆ. ಆ ದಿನ ಉಪ್ಪು ಹೆಚ್ಚಾಗಲಿ, ಊಟ ತಡವಾಗಲಿ, ನೀವು ಅಡುಗೆಮನೆಗೆ ಕಾಲಿಡದಿರುವುದು ಈ ವ್ಯವಸ್ಥೆಯ ಅತ್ಯಂತ ಕಷ್ಟದ ಮತ್ತು ಅತ್ಯಂತ ಅಗತ್ಯದ ಭಾಗ. ಬೆಳಗಿನ ಉಪಾಹಾರವನ್ನು ಈ ಸರದಿಯಿಂದ ಹೊರಗಿಟ್ಟು, ಎದ್ದವರು ಎದ್ದಾಗ ತಾವೇ ತೆಗೆದುಕೊಂಡು ತಿನ್ನುವಂತೆ ಸರಳವಾಗಿಡಿ.

ಮಾತು ಎತ್ತುವವರು ನೀವಾಗದೆ ನಿಮ್ಮ ಯಜಮಾನರಾದರೆ ಅದು ದೂರಿನಂತೆ ಕೇಳಿಸುವುದಿಲ್ಲ. ಪೆಟ್ಟಿಗೆ ತುಂಬುವ ಮೊದಲೇ, ಎಲ್ಲರೂ ಉತ್ಸಾಹದಲ್ಲಿರುವಾಗ, ಸರದಿಯನ್ನು ಬರೆದು ಎಲ್ಲರಿಗೂ ಕಳುಹಿಸಲಿ. ಅತ್ತೆಯವರಿಗೆ ಏನಾದರೂ ಮಾಡುವ ಆಸೆಯಿದ್ದರೆ ಅದನ್ನು ಅವರನ್ನೇ ಕೇಳಿ ತಿಳಿಯಿರಿ. ಬಲವಂತದ ವಿಶ್ರಾಂತಿಯೂ ಕೆಲವರಿಗೆ ಬೇಸರ ತರುತ್ತದೆ.

ಪ್ರಶ್ನೆ: ಗೆಳೆಯರ ಕುಟುಂಬದೊಂದಿಗೆ ಸಮುದ್ರದ ದಡದ ಮನೆಗೆ ಹೋಗುತ್ತಿದ್ದೇವೆ. ಒಂಬತ್ತು ವರ್ಷದ ಮಗಳು ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ. ದೊಡ್ಡವರು ಅಷ್ಟು ಮಂದಿ ಇರುವುದರಿಂದ ನಿಶ್ಚಿಂತೆಯಾಗಿ ನೀರಿಗೆ ಬಿಡಬಹುದಲ್ಲವೇ?

ಉತ್ತರ: ದೊಡ್ಡವರು ಹೆಚ್ಚು ಮಂದಿ ಇರುವುದನ್ನೇ ನಾನು ಮೊದಲ ಅಪಾಯವೆಂದು ಎಣಿಸುತ್ತೇನೆ. ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸಿದರೆ ಮಗುವನ್ನು ನೋಡುವವರು ಯಾರೂ ಇರುವುದಿಲ್ಲ. ಮುಳುಗುತ್ತಿರುವ ಮಗು ಕೂಗಿ ಕರೆಯುತ್ತದೆಂದು ಕಾಯಬಾರದು. ಉಸಿರಿಗಾಗಿ ಹೋರಾಡುವಾಗ ಕೂಗಲು ಉಸಿರೇ ಇರುವುದಿಲ್ಲವಾದ್ದರಿಂದ ಅದು ಬಹುಮಟ್ಟಿಗೆ ಸದ್ದಿಲ್ಲದೆ, ಬಹುಬೇಗ ನಡೆದುಹೋಗುತ್ತದೆ. ಹಾಗಾಗಿ ಅರ್ಧ ಗಂಟೆಗೊಬ್ಬರಂತೆ ಸರದಿಯ ಕಾವಲು ಇಟ್ಟುಕೊಳ್ಳಿ. ಕಾವಲಿನಲ್ಲಿರುವವರ ಕೈಯಲ್ಲಿ ಫೋನಾಗಲಿ ಪುಸ್ತಕವಾಗಲಿ ಇರಬಾರದು, ಅವರು ಮದ್ಯ ಮುಟ್ಟಿರಬಾರದು, ಮತ್ತು ‘ಇನ್ನು ನೀವು ನೋಡಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳದೆ ಎದ್ದು ಹೋಗಬಾರದು.

ಈಜುಕೊಳದ ಅಭ್ಯಾಸ ಸಮುದ್ರಕ್ಕೆ ಸಾಲದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಮತ್ತೆ ಕಡಲಿಗೆ ಮರಳಲೇಬೇಕು, ಅದು ಹಲವು ಕಡೆ ಇಕ್ಕಟ್ಟಾದ ಹಾದಿಯೊಂದನ್ನು ಹಿಡಿದು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಈ ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರನ್ನೂ ಮೀರುತ್ತದೆ, ಅಂದರೆ ನುರಿತ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ದಡ ಸೇರಲಾರರು. ಮೋಸವೇನೆಂದರೆ, ಅಕ್ಕಪಕ್ಕದಲ್ಲಿ ಅಲೆಗಳು ನೊರೆಯೆಬ್ಬಿಸಿ ಒಡೆಯುತ್ತಿರುವಾಗ ಈ ಹಾದಿಯ ನೀರು ಅನೇಕ ಸಲ ಅಲೆಯಿಲ್ಲದೆ, ಸ್ವಲ್ಪ ಗಾಢ ಬಣ್ಣದಲ್ಲಿ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಇಳಿಸಲು ಇದೇ ಸುರಕ್ಷಿತ ಜಾಗವೆಂದು ತಿಳಿಯದವರು ಅಲ್ಲಿಗೇ ಹೋಗುತ್ತಾರೆ.

ಸೆಳವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಜೀವ ಹೋಗುವುದು ಹೆಚ್ಚಾಗಿ ಅದರ ವಿರುದ್ಧ ಸೆಣಸಿ ಸೋತಾಗ. ಮಗಳಿಗೆ ಇದನ್ನು ಹೆದರಿಸದೆ ಹೇಳಿಕೊಡಿ: ಸಿಕ್ಕಿಬಿದ್ದರೆ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಸಹಾಯ ಕೇಳಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದ ಮೇಲೆ ಓರೆಯಾಗಿ ದಡಕ್ಕೆ ತಿರುಗಬೇಕು. ಕಾಪಾಡಲೆಂದು ಬರಿಗೈಯಲ್ಲಿ ಹಾರಿದ ದೊಡ್ಡವರೇ ಮುಳುಗಿದ ಪ್ರಸಂಗಗಳು ಬಹಳ. ಜೀವರಕ್ಷಕರನ್ನು ಕರೆಯಿರಿ, ತೇಲುವ ವಸ್ತು ಏನಿದ್ದರೂ ಎಸೆಯಿರಿ. ಜೀವರಕ್ಷಕರಿರುವ ದಡದಲ್ಲೇ ನೀರಿಗಿಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಅವರ ಕಣ್ಗಾವಲಿನಲ್ಲಿರುತ್ತದೆ, ಎರಡು ಕೆಂಪು ಬಾವುಟಗಳಿದ್ದರೆ ನೀರಿಗೆ ಪ್ರವೇಶವಿಲ್ಲವೆಂದೇ ಅರ್ಥ.

ಭರತ ಇಳಿತಗಳ ವೇಳೆಯನ್ನೂ ತಿಳಿದುಕೊಂಡಿರಿ. ಬಹಳಷ್ಟು ತೀರಗಳಲ್ಲಿ ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ನಿನ್ನೆ ಮಕ್ಕಳು ಆಡಿದ ಹೊತ್ತಿಗೆ ಸಿಕ್ಕ ನೀರಿನ ಮಟ್ಟ ಇಂದು ಅದೇ ಹೊತ್ತಿಗೆ ಸಿಗುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮರಳಿನಲ್ಲಿ ತೋಡಿದ ಆಳವಾದ ಗುಂಡಿ ಕ್ಷಣದಲ್ಲಿ ಕುಸಿದು ಒಳಗಿದ್ದವರನ್ನು ಮುಚ್ಚಿಬಿಡುತ್ತದೆ. ಗುಂಪಿನ ಅತಿ ಚಿಕ್ಕ ಮಗುವಿನ ಮೊಣಕಾಲಿಗಿಂತ ಆಳಕ್ಕೆ ತೋಡಗೊಡಬೇಡಿ, ಹೊರಡುವ ಮುನ್ನ ಮುಚ್ಚಿಸಿ.

ಪ್ರಶ್ನೆ: ವಯಸ್ಸಾದ ತಂದೆ-ತಾಯಿಯನ್ನು ಕರೆದೊಯ್ಯುವುದು ಸರಿಯೇ? ಬಿಸಿಲಿಗೆ ಹೆದರಿಕೆಯಾಗುತ್ತದೆ.

ಉತ್ತರ: ಖಂಡಿತ ಕರೆದೊಯ್ಯಿರಿ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುವುದರಿಂದ ಗಾಳಿ ಕಡಲಿನ ಕಡೆಯಿಂದ ಬೀಸುತ್ತದೆ, ಹೀಗಾಗಿ ಮಧ್ಯಾಹ್ನದ ನಂತರದ ಜಗಲಿ ಅವರಿಗೆ ಹಿತವಾದ ಜಾಗ. ಆದರೆ ಆ ತಂಪಿನಲ್ಲಿ ಚರ್ಮ ಸುಡುತ್ತಿರುವುದು ತಿಳಿಯುವುದಿಲ್ಲ. ಮರಳು ಮತ್ತು ನೊರೆ ಕೂಡ ಅತಿನೇರಳೆ ಕಿರಣಗಳನ್ನು ಪ್ರತಿಫಲಿಸುತ್ತವೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳಿನಲ್ಲಿರಲಿ, ಹೊರಗೆ ಹೋಗುವವರು ಕನಿಷ್ಠ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಲಿ. ಒಣ ಮರಳಿನ ಮೇಲೆ ಕಾಲು ಹೂತುಹೋಗಿ ಮಂಡಿ ನೋಯುತ್ತದೆ. ನೀರಿಳಿದ ಮೇಲಿನ ಒದ್ದೆ ಮರಳು ಗಟ್ಟಿಯಾಗಿರುವುದರಿಂದ ನಡಿಗೆಗೆ ಅದೇ ಮೇಲು. ಕೋಣೆ ಹಂಚುವಾಗ ನೆಲಮಹಡಿಯ, ಬಚ್ಚಲಿಗೆ ಹತ್ತಿರದ ಕೋಣೆಯನ್ನು ಅವರಿಗೆ ಕೊಡಿ, ಕಿಟಕಿಯಿಂದ ಸಮುದ್ರ ಕಾಣದಿದ್ದರೂ ಚಿಂತೆಯಿಲ್ಲ.

ಪ್ರಶ್ನೆ: ಮದುವೆಯಾಗದ ಗೆಳೆಯರಿಬ್ಬರು ಮತ್ತು ನಾಲ್ವರ ಒಂದು ಕುಟುಂಬ ಸೇರಿ ಮನೆ ಹಿಡಿಯುತ್ತಿದ್ದೇವೆ. ಖರ್ಚು ಹೇಗೆ ಹಂಚಿಕೊಳ್ಳಬೇಕು?

ಉತ್ತರ: ಬಾಡಿಗೆಯನ್ನು ಕೋಣೆಯ ಲೆಕ್ಕದಲ್ಲಿಯೂ ಊಟದ ಖರ್ಚನ್ನು ತಲೆಯ ಲೆಕ್ಕದಲ್ಲಿಯೂ ಹಂಚಿ, ಚಿಕ್ಕ ಮಕ್ಕಳನ್ನು ಅರ್ಧವೆಂದು ಎಣಿಸಿ. ಎಲ್ಲರೂ ಮೊದಲೇ ಒಂದಿಷ್ಟು ಹಣ ಹಾಕಿ ಒಬ್ಬರ ಕೈಗೆ ಕೊಟ್ಟರೆ ಅಂಗಡಿಯ ಮುಂದೆ ಜೇಬು ತಡಕಾಡುವ ಮುಜುಗರ ತಪ್ಪುತ್ತದೆ. ಯಾರಾದರೂ ಕೊನೆಯ ಗಳಿಗೆಯಲ್ಲಿ ಬರದಿದ್ದರೆ ಅವರ ಪಾಲಿನ ಬಾಡಿಗೆ ಯಾರದು, ಮನೆಯ ವಸ್ತು ಒಡೆದರೆ ತೆರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮುಂಗಡ ಕೊಡುವ ಮುನ್ನವೇ ಇತ್ಯರ್ಥಮಾಡಿಕೊಳ್ಳಿ.